ಅಕ್ಕಿಕಾಳು ಬೀಳುವ ಹೊತ್ತಿಗೆ

ಚಳಿಗಾಲದ ಒಂದು ಬೆಳಿಗ್ಗೆ, ಡ್ಯೂಟಿಗೆ ಹೋಗುವ ಮುಂಚೆ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಮೇಲೆ ಬೀಳುತ್ತಿದ್ದ ಬಲಗೈ ನಡುವೆಯೇ ನಿಂತುಹೋಯಿತು. ನೋವೇನೂ ಇರಲಿಲ್ಲ. ಕೈ ಅಲ್ಲೇ ಇತ್ತು, ಹಸಿರು ಬಳೆ ಹಾಕಿಕೊಂಡು. ಆದರೆ ಹೇಳಿದ್ದನ್ನು ಕೇಳುತ್ತಿರಲಿಲ್ಲ. ಗಂಡನನ್ನು ಕೂಗೋಣವೆಂದು ಬಾಯಿ ತೆರೆದರೆ ನಾಲಿಗೆ ಒಂದು ಮಗ್ಗುಲಿಗೆ ಜಾರಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಲಾದ ವಾಸನೆಗೆ ಅವರು ಅಡುಗೆಮನೆಗೆ ಓಡಿ ಬಂದರು.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅದಕ್ಕೆ ಏನೋ ದೊಡ್ಡ ಹೆಸರು ಹೇಳಿದರು. ಸಿಂಧನೂರಿಗೆ ವಾಪಸು ಬಂದಾಗ ಓಣಿಯ ಜನ ಒಂದೇ ಮಾತಿನಲ್ಲಿ ಮುಗಿಸಿದರು: "ಲಕ್ವಾ ಹೊಡದೈತಿ." ಬಲಗೈ, ಬಲಗಾಲು, ಮಾತು. ಕಾಲು ಬೇಗ ಬರುತ್ತದೆ, ಕೈ ತಡವಾಗುತ್ತದೆ, ಮಾತು ನಿಮ್ಮ ಪ್ರಯತ್ನದ ಮೇಲೆ ಎಂದು ಹೇಳಿ ಕಳಿಸಿದ್ದರು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿಬರುವ ರೂಟು ಬಹಳ ವರ್ಷ ನನ್ನ ಪಾಲಿಗೆ ಇತ್ತು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಕೂಗಿದರೆ ಡ್ರೈವರಿಗೆ ಕೇಳಬೇಕು, ಅಂಥ ಗಂಟಲು ನನ್ನದು. ಮನೆಯಲ್ಲಿ ಮೆತ್ತಗೆ ಮಾತಾಡಿದರೂ ಪಕ್ಕದ ಮನೆಯವರು "ಏನಂದ್ರಿ?" ಎನ್ನುತ್ತಿದ್ದರು. ಈಗ ನೀರು ಬೇಕೆಂದರೆ ಗಂಡ ಬಾಯಿಯ ಹತ್ತಿರ ಕಿವಿ ತರಬೇಕಾಗಿತ್ತು.

ನಮಗೆ ಮಕ್ಕಳಿಲ್ಲ. ಗಂಡನಿಗೆ ವಳಕಮದಿನ್ನಿಯಲ್ಲಿ ಸ್ವಲ್ಪ ಗದ್ದೆಯಿದೆ, ದಿನವೂ ಸಿಂಧನೂರಿನಿಂದ ಬೈಕಿನಲ್ಲಿ ಹೋಗಿಬರುತ್ತಾರೆ. ಅಡುಗೆಮನೆಗೆ ಚಹಾ ಕುಡಿಯಲು ಮಾತ್ರ ಬರುತ್ತಿದ್ದ ಮನುಷ್ಯ ಆ ಚಳಿಗಾಲದಲ್ಲಿ ಅನ್ನ, ಸಾರು, ಕಿಚಡಿ ಮಾಡಲು ಕಲಿತರು. ರೊಟ್ಟಿಯನ್ನು ಖಾನಾವಳಿಯಿಂದ ತಂದರು. ನನ್ನ ತಲೆ ಬಾಚಿ ಜಡೆ ಹಾಕುವುದನ್ನೂ ಅವರೇ ಕಲಿತರು. ದನಕ್ಕೆ ಹಗ್ಗ ಹೊಸೆದು ರೂಢಿಯಾದ ಕೈ. ಜಡೆ ಎಷ್ಟು ಬಿಗಿಯೆಂದರೆ ನನ್ನ ಹುಬ್ಬು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಸಡಿಲ ಮಾಡಿ ಎಂದು ಹೇಳಲು ಆಗ ನನಗೆ ಮಾತು ಬರುತ್ತಿರಲಿಲ್ಲ. ಬಂದ ಮೇಲೆ ಹೇಳುವ ಮನಸ್ಸಾಗಲಿಲ್ಲ.

ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬರುತ್ತಿದ್ದಳು. ಅವಳು "ಅ ಆ ಇ ಈ ಅನ್ರೀ" ಎನ್ನುತ್ತಿದ್ದಳು. ನನಗೆ ಬೇಸರವಾಗುತ್ತಿತ್ತು. ಅವಳು ಹೋದ ಮೇಲೆ ಗೋಡೆಗೆ ಮುಖ ಮಾಡಿ ನನ್ನ ಊರುಗಳನ್ನೇ ಹೇಳಿಕೊಳ್ಳುತ್ತಿದ್ದೆ. ಸಿಂಧನೂರು. ಮಸ್ಕಿ. ಲಿಂಗಸುಗೂರು. ಮಸ್ಕಿ ಬೇಗ ಬಂತು. ಸಿಂಧನೂರು ಸಂಕ್ರಾಂತಿಯ ಹೊತ್ತಿಗೆ. ಲಿಂಗಸುಗೂರು ಬರಲು ಯುಗಾದಿಯಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸುಸ್ತು. ಎರಡು ಪಾಳಿ ಬಸ್ಸಿನಲ್ಲಿ ನಿಂತು ದಣಿದದ್ದು ನನಗೆ ಗೊತ್ತಿತ್ತು. ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಂಡರೆ ಅದು ಇಳಿಯುತ್ತಿತ್ತು. ಈ ಸುಸ್ತು ಏನೂ ಮಾಡದೆ ಬರುತ್ತಿತ್ತು. ಸೆರಗಿಗೆ ಎಡಗೈಯಿಂದ ಪಿನ್ನು ಹಾಕಿಕೊಂಡ ದಿನ ಮಧ್ಯಾಹ್ನದವರೆಗೆ ಕುರ್ಚಿಯಿಂದ ಏಳಲಾಗಲಿಲ್ಲ. ಹಾಗಂತ ನಿದ್ದೆಯೂ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ, ಎದ್ದಾಗ ಇನ್ನೊಂದು ಕೈಯೂ ಹೋಗಿರುತ್ತದೆ ಎಂಬ ಭಯ. ಕಣ್ಣು ಎಳೆದಾಗಲೆಲ್ಲ ಎಡಗೈ ಬೆರಳು ಮಡಚಿ ನೋಡಿಕೊಂಡು ಮತ್ತೆ ಎಚ್ಚರವಾಗುತ್ತಿದ್ದೆ. ಇದನ್ನು ಗಂಡನಿಗೆ ಹೇಳಿರಲಿಲ್ಲ. ಅವರಿಗೆ ಗೊತ್ತಿಲ್ಲ ಎಂದೇ ತಿಳಿದಿದ್ದೆ.

ಮೊದಲು ಹೊರಗೆ ಹೋಗಿದ್ದು ಓಣಿಯ ಮೂಲೆಯ ಹಾಲಿನ ಅಂಗಡಿಗೆ. ಹಾಲಿನ ಪಾಕೀಟು ಎಡಗೈಯಲ್ಲಿ ಹಿಡಿದು ಗೋಡೆಗುಂಟ ವಾಪಸು ಬಂದೆ. ಬಾಗಿಲ ಬಳಿ ನಿಂತಿದ್ದ ಗಂಡ ಪಾಕೀಟು ಇಸಿದುಕೊಂಡು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ಅವತ್ತಿನ ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು.

ಶಿವರಾತ್ರಿ ಕಳೆದ ಮೇಲೆ ಕಾಯಿಪಲ್ಯದ ಮಾರ್ಕೆಟ್ಟಿಗೆ ಒಬ್ಬಳೇ ಹೋಗುತ್ತೇನೆಂದು ಹಟ ಮಾಡಿದೆ. ಆಟೋದಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾರೋ ಕೂಗಿದರು: "ಕಂಡಕ್ಟ್ರಕ್ಕಾ!"

ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹೆಂಗಸು. ಕಾಯಿಲೆಗೆ ಮುಂಚಿನ ವರ್ಷ ನಾನು ಹಳ್ಳಿ ರೂಟಿನಲ್ಲಿದ್ದಾಗ ಕಾಯಿಪಲ್ಯದ ಬುಟ್ಟಿ ಹೊತ್ತು ದಿನಾ ನನ್ನ ಬಸ್ಸು ಹತ್ತುತ್ತಿದ್ದಳು. ಬುಟ್ಟಿ ಎಲ್ಲಿಡಬೇಕೆಂದು ಇಬ್ಬರೂ ದಿನಾ ಜಗಳವಾಡಿದ್ದೆವು.

"ಎಲ್ಲಿ ಹೋಗಿದ್ರಿ ಇಷ್ಟ್ ದಿನ? ಬಸ್ಸಿನ್ಯಾಗ ಕಾಣಲೇ ಇಲ್ಲ?"

ನಾನು ಕೈ ತೋರಿಸಿದೆ, ಬಾಯಿ ತೋರಿಸಿದೆ. ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದಳು. ಪಾಪ ಎನ್ನಲಿಲ್ಲ.

"ನನ್ನ ಗಂಡಗೂ ಆಗಿತ್ತು. ಈಗ ಗದ್ದಿ ಕೆಲಸಕ್ಕ ಹೋಗ್ತಾನ, ಬೈತಾನ, ಎಲ್ಲಾ ಮಾಡ್ತಾನ. ಏನು ಬೇಕು, ಮೆಂತೇನಾ?"

ಮೆಂತ್ಯ, ಕೊತ್ತಂಬರಿ ಕಟ್ಟಿ ಚೀಲಕ್ಕೆ ಹಾಕಿದಳು. ನಾನು ಎಡಗೈ ಚಾಚಿದರೆ ಕೊಡಲಿಲ್ಲ.

"ಆ ಕೈ ಅಲ್ಲ. ಈ ಕೈ ಕೊಡ್ರಿ. ಅದಕ್ಕೂ ಕೆಲಸ ಹಚ್ಚಬೇಕು."

ಚೀಲವನ್ನು ನನ್ನ ಬಲ ಮೊಳಕೈಗೆ ತೂಗುಹಾಕಿದಳು. ಸೊಪ್ಪಿನ ಚೀಲ, ಹೂವಿನಷ್ಟು ಹಗುರ. ಆದರೂ ಮಾರ್ಕೆಟ್ಟಿನ ಬಾಗಿಲು ಮುಟ್ಟುವಷ್ಟರಲ್ಲಿ ತೋಳು ಕಂಪಿಸಿ ಚೀಲ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದರೆ ಕಣ್ಣು ಕತ್ತಲೆ ಬಂತು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಗಂಡ ಹುಡುಕಿಕೊಂಡು ಬರುವವರೆಗೆ ಅಲ್ಲೇ ಕುಳಿತಿದ್ದೆ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ ಬರುತ್ತಿತ್ತು, ಎದ್ದು ಸರಿದು ಕೂರುವ ಶಕ್ತಿ ಇರಲಿಲ್ಲ. ಬಂದವರು ಸೊಪ್ಪನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿ, ಬೈಕಿನ ಹಿಂದೆ ನನ್ನನ್ನು ಕೂರಿಸಿಕೊಂಡು ತಮ್ಮ ಟವೆಲ್ಲಿನಿಂದ ನನ್ನ ನಡುವನ್ನು ತಮ್ಮ ನಡುವಿಗೆ ಕಟ್ಟಿಕೊಂಡರು. ಹಾಗೇ ಊರ ನಡುವೆ ಮೆರವಣಿಗೆ ಹೋದೆವು.

ನನ್ನ ಅಕ್ಕನ ಮನೆ ಮಸ್ಕಿಯಲ್ಲಿ. ಅವಳ ಮಗಳು ಪಿಯುಸಿ ಓದುವಾಗ ಎರಡು ವರ್ಷ ನಮ್ಮ ಮನೆಯಲ್ಲಿದ್ದಳು. ನನ್ನ ಸೀರೆ ಉಟ್ಟು, ನನ್ನ ತಾಟಿನಲ್ಲಿ ಉಂಡು, ನನ್ನ ಮೇಲೇ ಸಿಟ್ಟು ಮಾಡಿ ಬೆಳೆದ ಹುಡುಗಿ. ಆ ಬೇಸಿಗೆಯಲ್ಲಿ ಅವಳ ಮದುವೆ ನಿಶ್ಚಯವಾಯಿತು. ಗಂಡಿನ ಊರು ಲಿಂಗಸುಗೂರು. ಮದುವೆಯೂ ಅಲ್ಲೇ, ಮೇ ತಿಂಗಳ ಸುಡು ಬಿಸಿಲಿನಲ್ಲಿ. ನಾನು ಬರಲಾಗುವುದಿಲ್ಲ ಎಂದು ಅಕ್ಕನಿಗೆ ಹೇಳಿಸಿದ್ದೆ. ಸಂಜೆ ಹುಡುಗಿಯೇ ಫೋನು ಮಾಡಿದಳು.

"ಸಣ್ಣವ್ವ, ನೀ ಬರಂಗಿಲ್ಲಂತಲ್ಲ?"

"ಬಿಸಲು... ಭಾಳ." ಆಗ ನನ್ನ ಮಾತು ಹೀಗೆ ತುಂಡು ತುಂಡಾಗಿ ಬರುತ್ತಿತ್ತು.

"ಬಿಸಲು ನಿನಗಷ್ಟ ಐತೇನು? ನಾ ರೇಷ್ಮಿ ಸೀರಿ ಉಟಗೊಂಡು ಹೊಗಿ ಮುಂದ ಕುಂದ್ರಬೇಕು. ನೀ ಬಂದು ಅರಿಷಿಣ ಹಚ್ಚಲಿಲ್ಲಂದ್ರ ನಾ ಯಾರ ಕೈಲೂ ಹಚ್ಚಿಸಿಕೊಳ್ಳಂಗಿಲ್ಲ, ನೋಡು."

"ಕೈ... ಇಲ್ಲವ್ವ ನನಗ."

ಆ ಕಡೆಯಿಂದ "ಇದ್ದಷ್ಟು ಕೈಲೆ ಹಚ್ಚು" ಎಂದು ಫೋನು ಇಟ್ಟಳು.

ಮದುವೆಯ ಮುನ್ನಾದಿನ ಬೆಳಿಗ್ಗೆ ಮಸ್ಕಿಗೆ ಬಸ್ಸು ಹತ್ತಿದೆವು. ಗಂಡ ಕಾರು ಹೇಳುತ್ತೇನೆ ಅಂದಿದ್ದರು, ನಾನೇ ಬೇಡ ಅಂದೆ. ಬಸ್ ನಿಲ್ದಾಣಕ್ಕೆ ಬಂದ ಮೇಲೆ ಪಶ್ಚಾತ್ತಾಪವಾಯಿತು. ನಾನು ಹಾರಿ ಹತ್ತುತ್ತಿದ್ದ ಮೆಟ್ಟಿಲು ಎದೆಯೆತ್ತರ ಕಂಡಿತು. ಗಂಡ ಕೆಳಗಿನಿಂದ ನೂಕಿದರು, ಮೇಲಿನಿಂದ ಕಂಡಕ್ಟರ್ ಎಳೆದುಕೊಂಡ. ನನಗಿಂತ ಎಷ್ಟೋ ಸಣ್ಣವ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಜೊತೆ ರೂಟು ಕಲಿತವನು. ನನ್ನನ್ನು ನೋಡಿ ಅವನ ಮುಖ ಇಳಿಯಿತು. ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದ. ಗಂಡನಿಗೆ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಿದ್ದವನನ್ನು ನಾನು ಅಂಗಿ ಹಿಡಿದು ನಿಲ್ಲಿಸಿ ಆಧಾರ್ ಕಾರ್ಡು ತೋರಿಸಿದೆ.

"ಅಕ್ಕ, ನಿಮಗೂ ಟಿಕೆಟ್ ಹರೀಬೇಕೇನ್ರಿ?"

"ಹರಿ. ಚೆಕಿಂಗ್... ಬಂದ್ರ?"

ಹಿಂದಿನ ಸೀಟಿನ ಹೆಂಗಸರು ನಕ್ಕರು. ಅವನೂ ನಕ್ಕ. "ಎಲ್ಲಿಗ್ರಿ ಅಕ್ಕ?" ಎಂದು ಮಷೀನು ಹಿಡಿದು ನಿಂತ.

"ಮಸ್ಕಿ" ಎಂದೆ. ಒಂದೇ ಏಟಿಗೆ, ಪೂರ್ತಿಯಾಗಿ ಬಂತು. ಹೆಂಗಸರಿಗೆ ಕೊಡುವ ಬಿಟ್ಟಿ ಟಿಕೆಟನ್ನು ಅವನು ನನ್ನ ಬಲ ಅಂಗೈ ಮೇಲೆ ಇಟ್ಟ. ಕಿಟಕಿಯ ಗಾಳಿಗೆ ಅದು ಹಾರಿಹೋಗದಂತೆ ಗಂಡ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

ಬೆಳೆ ಕೊಯ್ದ ಗದ್ದೆಗಳಲ್ಲಿ ಕೂಳೆ ಸುಟ್ಟ ಕರಿ ಮಚ್ಚೆಗಳಿದ್ದವು. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದರು. ಕಿಟಕಿಯ ಕಡೆ ಕುಳಿತು ಆ ರಸ್ತೆಯನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಗೊತ್ತಿದ್ದುದು ಬಸ್ಸಿನ ಒಳಗಿನ ರಸ್ತೆ, ಯಾವ ತಿರುವಿನಲ್ಲಿ ಯಾವ ಕಂಬಿ ಹಿಡಿಯಬೇಕು ಎಂಬುದು. ಸುಮ್ಮನೆ ಕುಳಿತು ಹೋಗುವುದು ಇಷ್ಟು ದಣಿವಿನ ಕೆಲಸ ಎಂದು ಯಾವ ಪ್ರಯಾಣಿಕರೂ ನನಗೆ ಹೇಳಿರಲಿಲ್ಲ.

ಅಕ್ಕನ ಮನೆ ಗುಡ್ಡದ ಬುಡಕ್ಕಿದೆ. ಹಗಲೆಲ್ಲ ಕಾದ ಬಂಡೆಗಳು ಸಂಜೆ ಮನೆಯ ಮೇಲೆ ಬಿಸಿ ಬಿಡುತ್ತವೆ. ಅಂಗಳದಲ್ಲಿ ಚಪ್ಪರ, ಚಪ್ಪರದ ತುಂಬ ಹೆಂಗಸರು. ಒಬ್ಬೊಬ್ಬರೂ ಬಂದು ನನ್ನ ಗದ್ದ ಹಿಡಿದು "ಅಯ್ಯ, ಹೆಂಗಿದ್ದಾಕಿ ಹೆಂಗಾದಿ" ಎಂದರು. ಎಲ್ಲರಿಗೂ ತಲೆ ಆಡಿಸಿದೆ. ಅಕ್ಕ ಮಾತ್ರ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಜಡಿ ಯಾರು ಹಾಕ್ಯಾರ?" ಎಂದಳು. ನಾನು ಗಂಡನ ಕಡೆ ಕಣ್ಣು ಮಾಡಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಬಳೆ ಇಡಿಸುವ ಶಾಸ್ತ್ರ ನಡೆದಿತ್ತು. ಬಳೆಗಾರ ಮುದುಕ ಕಟ್ಟೆಯ ಮೇಲೆ ಕುಳಿತು ಎಲ್ಲರ ಕೈ ಒತ್ತಿ, ತಿರುವಿ ಬಳೆ ಏರಿಸುತ್ತಿದ್ದ. ಅಕ್ಕನಂಥ ಗಟ್ಟಿ ಕೈಯವರು ಹಲ್ಲು ಕಚ್ಚಿ ಚೀರುತ್ತಿದ್ದರು. ನನ್ನ ಸರದಿ ಬಂದಾಗ ನಾನು ಬಲಗೈಯನ್ನು ಎಡಗೈಯಿಂದ ಎತ್ತಿ ಅವನ ತೊಡೆಯ ಮೇಲಿನ ಬಟ್ಟೆಯ ಮೇಲಿಟ್ಟೆ. ಅವನಿಗೆ ಕಣ್ಣು ಮಂದವಿತ್ತೇನೋ. ಬಳೆ ಸರಸರ ಏರಿದವು.

"ಎಷ್ಟು ಮೆತ್ತನ ಕೈ ಐತವ್ವ ನಿಂದು! ಬೆಣ್ಣಿ ಇದ್ದಂಗ ಐತಿ. ಇಷ್ಟು ಮಂದ್ಯಾಗ ಇಂಥಾ ಕೈ ನೋಡಲಿಲ್ಲ."

ನನಗೆ ನಗು ಬಂತು. ಲಕ್ವಾ ಹೊಡೆದ ಮೇಲೆ ನನ್ನ ನಗು ಬಾಯಿಯ ಒಂದೇ ಕಡೆಯಿಂದ ಬರುತ್ತದೆ, ನೋಡಿದವರಿಗೆ ಅಳುವಂತೆ ಕಾಣುತ್ತದೆ. ಆದ್ದರಿಂದ ಎಲ್ಲರೂ ನನ್ನನ್ನು ಸಮಾಧಾನ ಮಾಡಲು ಬಂದರು. ಮದುಮಗಳು ಮಾತ್ರ ದೂರದಿಂದ ನೋಡಿ, ಇದು ನಗುವೇ ಎಂದು ಗುರುತಿಸಿ, ತಾನೂ ನಗತೊಡಗಿದಳು.

ಮರುದಿನ ನಸುಕಿನಲ್ಲಿ ಕ್ರೂಸರ್ ಗಾಡಿಯಲ್ಲಿ ಒತ್ತಿಕೊಂಡು ಲಿಂಗಸುಗೂರಿಗೆ ಹೋದೆವು. ಕಲ್ಯಾಣ ಮಂಟಪದಲ್ಲಿ ಆಗಲೇ ಕರೆಂಟು ಹೋಗಿತ್ತು. ಜನರೇಟರಿನ ಸದ್ದು, ಡೀಸೆಲ್ಲಿನ ವಾಸನೆ, ಮಲ್ಲಿಗೆಯ ವಾಸನೆ ಎಲ್ಲ ಕಲಸಿಕೊಂಡಿದ್ದವು. ವೇದಿಕೆಯ ಹಿಂದಿನ ಅಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮಣೆಯ ಮೇಲೆ ಹುಡುಗಿಯನ್ನು ಕೂರಿಸಿದ್ದರು. ಮುತ್ತೈದೆಯರು ಒಬ್ಬೊಬ್ಬರಾಗಿ ಅರಿಶಿನ ಹಚ್ಚಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಮುಂದೆ ಹೋಗಿ ಅಭ್ಯಾಸಬಲದಿಂದ ಎಡಗೈಯನ್ನು ಅರಿಶಿನದ ಬಟ್ಟಲಿಗೆ ಚಾಚಿದೆ.

ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು, ವರನ ಸೋದರತ್ತೆ, ಮೆಲ್ಲಗೆ ತಡೆದರು. "ಎಡಗೈ ಬ್ಯಾಡವ್ವ. ಶುಭಕಾರ್ಯ ಐತಿ. ನಿನಗ ಆಗಲಿಲ್ಲಂದ್ರ ಬಿಡು, ಬ್ಯಾರೆ ಯಾರರ ಹಚ್ಚಲಿ. ತಪ್ಪು ತಿಳೀಬ್ಯಾಡ."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಅಕ್ಕನ ಮುಖ ಕೆಂಪಾಯಿತು, ಬೀಗರ ಮುಂದೆ ಏನು ಮಾತಾಡಿಯಾಳು? ನನಗೆ ಸರಿದು ನಿಲ್ಲುವುದೇ ಸುಲಭವಿತ್ತು. ನಿಜ ಹೇಳಬೇಕೆಂದರೆ ಸರಿಯಲು ಒಂದು ಹೆಜ್ಜೆ ಹಿಂದಿಟ್ಟೆ ಕೂಡ. ಅಷ್ಟರಲ್ಲಿ ಮಣೆಯ ಮೇಲಿದ್ದ ಹುಡುಗಿ ಹೇಳಿದಳು:

"ನಮ್ಮ ಸಣ್ಣವ್ವ ಬಲಗೈಲೇ ಹಚ್ತಾಳ್ರಿ. ತಡಾ ಆಗ್ತೈತಿ. ಕಾಯ್ರಿ."

ಕಾದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಎತ್ತಿ ಬಟ್ಟಲಿಗೆ ಅದ್ದಿದೆ. ಬೆರಳು ತೆರೆಯಲಿಲ್ಲ. ಇನ್ನೊಮ್ಮೆ ಅದ್ದಿದೆ. ಹೆಂಗಸರ ಹಾಡು ಮುಗಿದಿತ್ತು, ನಿಂತರೆ ಚೆನ್ನಾಗಿರುವುದಿಲ್ಲವೆಂದು ಮತ್ತೆ ಮೊದಲಿಂದ ಹಾಡಿದರು. ಬೆವರು ನನ್ನ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಯಾವ ಕೈಯೂ ಖಾಲಿಯಿರಲಿಲ್ಲ. ಕೊನೆಗೆ ಕೈ ಅವಳ ಮುಖದ ಮಟ್ಟಕ್ಕೆ ಏರಿತು. ಕೆನ್ನೆಗೆ ಗುರಿಯಿಟ್ಟರೆ ಅರಿಶಿನ ಕಿವಿಗೆ ಬಿತ್ತು. ಇನ್ನೊಂದು ಕೆನ್ನೆಗೆಂದು ಹೋದದ್ದು ಬಾಯಿಗೆ ಬಿತ್ತು. ಅವಳು ಥೂ ಎಂದು ಉಗುಳಿ, ಹಲ್ಲೆಲ್ಲ ಹಳದಿಯಾಗಿ, ಜೋರಾಗಿ ನಕ್ಕಳು. ವರನ ಸೋದರತ್ತೆಯೇ ತಮ್ಮ ಸೆರಗಿನಿಂದ ನನ್ನ ಹಣೆ ಒರೆಸಿ, ಹಿಡಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು.

ಆಮೇಲೆ ನನಗೆ ಏನೂ ಬೇಡವಾಯಿತು. ಜನ, ಬಣ್ಣ, ಬ್ಯಾಂಡು, ಮೈಕು ಎಲ್ಲ ದೂರದಲ್ಲೆಲ್ಲೋ ನಡೆಯುತ್ತಿರುವಂತೆ ಅನಿಸಿತು. ಗಂಡನ ಅಂಗಿ ಜಗ್ಗಿ "ಮಲಗ್ತೀನಿ" ಎಂದೆ. ಅಕ್ಕಿಕಾಳು ಬೀಳಲು, ಅಂದರೆ ಅಕ್ಷತೆಯ ಮುಹೂರ್ತಕ್ಕೆ, ಇನ್ನೂ ಸಮಯವಿತ್ತು. ಅಡುಗೆಯ ಸಾಮಾನು ಇಟ್ಟಿದ್ದ ಪಕ್ಕದ ಕೋಣೆಗೆ ಅವರು ನನ್ನನ್ನು ಕರೆದುಕೊಂಡು ಹೋದರು. ನೆಲದ ಮೇಲೆ ಜಮಖಾನ ಹಾಸಿ, ತಮ್ಮ ಟವೆಲ್ಲನ್ನು ಮಡಚಿ ತಲೆಗೆ ಇಟ್ಟರು. ಈರುಳ್ಳಿ ಚೀಲದ ವಾಸನೆ ಬರುತ್ತಿತ್ತು. ಎಡಗೈ ಬೆರಳು ಮಡಚಿ ನೋಡಿಕೊಳ್ಳಬೇಕು ಎಂದುಕೊಂಡೆ. ನೋಡಿಕೊಂಡೆನೋ ಇಲ್ಲವೋ ನೆನಪಿಲ್ಲ.

ಎಚ್ಚರವಾದಾಗ ಹೊರಗಿನ ಸದ್ದು ಬದಲಾಗಿತ್ತು. ಬ್ಯಾಂಡು ಇರಲಿಲ್ಲ. ಊಟದ ಮನೆಯಿಂದ ಬಕೆಟ್ಟುಗಳ, ಸೌಟುಗಳ ಸದ್ದು ಕೇಳುತ್ತಿತ್ತು. ಬಾಗಿಲ ಹೊರಗೆ ಅಕ್ಕ ಯಾರನ್ನೋ ಬೈಯುತ್ತಿದ್ದಳು.

"ನಿಮಗ ಬುದ್ಧಿ ಐತೇನ್ರಿ? ಆಕಿ ಅಷ್ಟು ಕಷ್ಟಪಟ್ಟು ಬಂದಾಳ. ಅಕ್ಕಿಕಾಳ ಹೊತ್ತಿಗೆ ಎಬ್ಬಸಬಾರದ? ತಾಳಿ ಕಟ್ಟಿ, ಎಲ್ಲಾ ಮುಗದು, ಮಂದಿ ಊಟಕ್ಕ ಕುಂತಾರ. ನನ್ನ ತಂಗಿ ನನ್ನ ಮಗಳ ಮದುವಿ ನೋಡಲಿಲ್ಲ."

"ಬಾಗಲಾ ತೆಗದೆ. ಎರಡು ಸಲ ತೆಗದೆ." ನನ್ನ ಗಂಡನ ದನಿ. "ಗೊರಕಿ ಹೊಡಿಯಾಕತ್ತಿದ್ಲು, ಅತ್ಗಿ. ಬ್ಯಾನಿ ಬಂದಾಗಿಂದ ಆಕಿ ಹಂಗ ಮಲಗಿದ್ದು ನಾ ನೋಡೇ ಇಲ್ಲ. ರಾತ್ರಿ ಬೆರಳು ಎಣಿಸ್ಕೊಂತ ಇರ್ತಾಳ. ನನಗ ಗೊತ್ತಿಲ್ಲ ಅಂತ ತಿಳಕೊಂಡಾಳ. ಮದುವಿ ವೀಡಿಯೋದಾಗ ನೋಡಬಹುದು. ಎಬ್ಬಸಾಕ ನನ್ನ ಕೈಲೆ ಆಗಲಿಲ್ಲ."

ಅಕ್ಕ ದನಿ ಇಳಿಸಿ, "ನೀವರ ನೋಡಿದ್ರಿ?" ಎಂದು ಕೇಳಿದಳು.

"ಇಲ್ಲ. ನಾ ಇಲ್ಲೇ ಬಾಗಲದಾಗ ಕುಂತಿದ್ದೆ. ಹುಡುಗ್ರು ಓಡ್ಯಾಡಾಕತ್ತಿದ್ವು, ಗದ್ದಲ ಮಾಡ್ತಾವಂತ."

ನಾನು ಎದ್ದು ಕೂರುವ ಪ್ರಯತ್ನ ಮಾಡದೆ ಹಾಗೇ ಮಲಗಿ ಮೇಲಿನ ತಗಡನ್ನು ನೋಡುತ್ತಿದ್ದೆ. ಮದುವೆ ತಪ್ಪಿತಲ್ಲ ಎಂದು ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಮೈ ಹಗುರವಾಗಿತ್ತು. ಜಮಖಾನದ ಅಚ್ಚು ಕೆನ್ನೆಯ ಮೇಲೆ ಒತ್ತಿತ್ತು. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು, ಯಾವುದಕ್ಕೆಂದು ನನಗೆ ಸ್ಪಷ್ಟವಿರಲಿಲ್ಲ.

ಹುಡುಗಿ ತನ್ನ ಗಂಡನನ್ನು ಕರೆದುಕೊಂಡು ಅದೇ ಕೋಣೆಗೆ ಬಂದಳು. ಬಾಸಿಂಗ ವಾರೆಯಾಗಿತ್ತು, ಸೀರೆಯ ಅಂಚಿಗೆ ಹೊಗೆಯ ವಾಸನೆಯಿತ್ತು. ಈರುಳ್ಳಿ ಚೀಲಗಳ ನಡುವೆ ಇಬ್ಬರೂ ಬಗ್ಗಿ ನನ್ನ ಕಾಲು ಮುಟ್ಟಿದರು. ಅಕ್ಕ ಎಲ್ಲಿಂದಲೋ ಒಂದು ಹಿಡಿ ಅಕ್ಕಿಕಾಳು ತಂದು, ನನ್ನನ್ನು ಎಬ್ಬಿಸಿ ಕೂರಿಸಿ, ಬಲ ಅಂಗೈಗೆ ಸುರಿದಳು. ಎಡಗೈಯಿಂದ ಆ ಕೈ ಎತ್ತುವಾಗ ಅರ್ಧ ನೆಲಕ್ಕೆ ಚೆಲ್ಲಿತು, ಉಳಿದರ್ಧ ಅವರ ತಲೆಯ ಮೇಲೆ ಬಿತ್ತು.

"ನಿದ್ದಿ ಆತಾ ಸಣ್ಣವ್ವ?" ಎಂದಳು ಹುಡುಗಿ.

"ಆತು."

"ಛಲೋ ಆತು ಬಿಡು. ಅಲ್ಲಿ ಭಾಳ ಶೆಕಿ ಇತ್ತು. ನನಗೂ ನಿನ್ನ ಬಾಜೂಕ ಮಲಗಬೇಕು ಅನಸಾಕತ್ತಿತ್ತು."

ಅವಳ ಗಂಡ, ಪಾಪ, ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದ.

ಮದುವೆಯ ಫೋಟೋಗಳು ಬಂದಾಗ ಅಕ್ಕ ಹುಡುಕಿ ಹುಡುಕಿ ಒಂದರಲ್ಲಿ ನನ್ನನ್ನು ಕಂಡುಹಿಡಿದಳು. ಊಟದ ಪಂಕ್ತಿಯಲ್ಲಿ ಕುಳಿತಿದ್ದೇನೆ, ಗಂಡ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದಾರೆ. ನನ್ನ ಮುಖ ಸೊಟ್ಟಗಿದೆ, ಸೀರೆಯ ಮೇಲೆ ಅರಿಶಿನದ ಕಲೆ. ಇದೊಂದು ಬೇಡ, ಅಳಿಸಿಬಿಡು ಎಂದು ಹೇಳಿದ್ದಕ್ಕೆ ಅಕ್ಕ ಒಪ್ಪಲಿಲ್ಲ.

ಊರಿಗೆ ಬಂದ ಮೇಲೆ ಹಾಸಿಗೆ ಹಿಡಿದೆ. ಜ್ವರವಿಲ್ಲ, ನೋವಿಲ್ಲ, ಬರೀ ಸುಸ್ತು. ಪಿನ್ನು ಹಾಕಿಕೊಳ್ಳುವುದು, ಹಾಲಿನಂಗಡಿಗೆ ಹೋಗುವುದು, ಕಲಿತದ್ದೆಲ್ಲ ಹಿಂದೆ ಹೋದಂತಿತ್ತು. ಬೇಸಿಗೆ ಮುಗಿಯುವವರೆಗೂ ಹೀಗೇ, ಒಂದು ದಿನ ಮುಂದೆ, ಎರಡು ದಿನ ಹಿಂದೆ. ನಿದ್ದೆ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ. ಡಿಪೋದವರು ಸದ್ಯಕ್ಕೆ ಕುಳಿತು ಮಾಡುವ ಕೆಲಸ ಕೊಡುತ್ತೇವೆ, ಆದಾಗ ಬನ್ನಿ ಎಂದು ಹೇಳಿ ಕಳಿಸಿದರು. ಆದಾಗ ಎಂದರೆ ಯಾವಾಗ ಎಂದು ನನಗೂ ಗೊತ್ತಿರಲಿಲ್ಲ.

ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ಬೆಳಿಗ್ಗೆ ಹುಡುಗಿ ಲಿಂಗಸುಗೂರಿನಿಂದ ಫೋನು ಮಾಡಿದಳು. ಅತ್ತೆ, ನಾದಿನಿ, ಅಡುಗೆಮನೆ, ನೀರಿನ ಟ್ಯಾಂಕರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಿದ್ದೆ. ಮೊದಲಾಗಿದ್ದರೆ ಅವಳ ಮಾತು ಮುಗಿಯುವವರೆಗೆ ಹಲ್ಲು ಕಚ್ಚಿ ಕೇಳುತ್ತಿದ್ದೆ, ನನ್ನ ದಣಿವು ಯಾರಿಗೂ ಗೊತ್ತಾಗಬಾರದೆಂದು.

"ಸಾಕವ್ವ," ಎಂದೆ ನಡುವೆಯೇ. "ದಣಿವಾತು ನನಗ. ನಾಳಿಗಿ ಮಾತಾಡೂಣು."

"ಹೂಂ, ಸಣ್ಣವ್ವ. ಮಕ್ಕೋ ನೀ" ಎಂದಳು, ಏನೂ ಅನಿಸದವಳಂತೆ, ಮತ್ತು ಫೋನು ಇಟ್ಟಳು.

ಹೊರಗೆ ಗಂಡ ಸಸಿಮಡಿಗೆ ಭತ್ತದ ಬೀಜದ ಚೀಲವನ್ನು ಬೈಕಿಗೆ ಕಟ್ಟುತ್ತಿದ್ದರು. ಹೊರಡುವ ಮುಂಚೆ ಒಳಗೆ ಇಣುಕಿ ಏನಾದರೂ ಬೇಕೇ ಎಂದು ಕೇಳಿದರು. ಬೇಡ, ಮಲಗುತ್ತೇನೆ, ಬಾಗಿಲು ಮುಂದೆ ಮಾಡಿಕೊಂಡು ಹೋಗಿ ಎಂದೆ. ಅವರು ಮುಂದೆ ಮಾಡಿಕೊಂಡು ಹೋದರು.